ಹಗುರವಾಗಿ ಹೋಗಿ ಬರೋಣ

(ನಮ್ಮ ಬಡಾವಣೆಯ ಹಿರಿಯರ ಕೂಟದಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತು. ಅವತ್ತು ಬರಲಾಗದವರು ಓದಲಿ ಎಂದು ಬರೆದಿದ್ದೇನೆ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವವರಲ್ಲಿ ಸುಮಾರು ಜನ ಈಚೆಗೆ ನಿವೃತ್ತರಾದವರು. ಮಕ್ಕಳ ಓದು ಮುಗಿಯಿತು, ಸಾಲ ತೀರಿತು, ಇನ್ನಾದರೂ ನಾಲ್ಕು ಊರು ನೋಡೋಣ ಅಂದುಕೊಂಡವರು. ಆದರೆ ಮೊದಲ ಪ್ರವಾಸ ಮುಗಿಸಿ ಬಂದು, ಚೀಲ ಕೆಳಗಿಡುತ್ತಲೇ "ಸಾಕಪ್ಪಾ, ಮನೆಯೇ ವಾಸಿ" ಅಂದವರೂ ನಿಮ್ಮಲ್ಲಿದ್ದೀರಿ. ಹೋದ ವಾರ ನಮ್ಮ ಬೀದಿಯವರೇ ಒಬ್ಬರು ಹಾಗಂದರು. ನನಗೆ ತುಂಬ ಬೇಜಾರಾಯಿತು. ಮೂವತ್ತು ವರ್ಷ ಕಾದು ಹೊರಟವರು ಅವರು. ಅವರಿಗೆ ಹಾಗನ್ನಿಸಬಾರದಿತ್ತು. ಇವತ್ತು ಇಲ್ಲಿ ಮಾತಾಡಲು ನಾನು ಒಪ್ಪಿಕೊಂಡದ್ದೇ ಆ ಕಾರಣಕ್ಕೆ.

ನಾನು ಹಾಸನ ಜಿಲ್ಲೆಯ ಹೈಸ್ಕೂಲುಗಳಲ್ಲಿ ಪಾಠ ಮಾಡಿದವಳು. ಡಿಸೆಂಬರ್ ಬಂತೆಂದರೆ ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋಗುವ ಕೆಲಸ ಹೆಚ್ಚು ಕಮ್ಮಿ ಪ್ರತಿ ವರ್ಷ ನನ್ನ ಪಾಲಿಗೇ ಬರುತ್ತಿತ್ತು. 'ಒಪ್ಪಂದದ ಮೇರೆಗೆ' ಅಂತ ಬೋರ್ಡು ಹಾಕಿಕೊಂಡ ಕೆಂಪು ಬಸ್ಸು, ಒಳಗೆ ಐವತ್ತು ಮಕ್ಕಳು. ನಿವೃತ್ತಿಯಾದ ಮೇಲೆ ಅಮ್ಮನನ್ನು ಕರೆದುಕೊಂಡು ಓಡಾಡಿದೆ. ಆಗ ಅಮ್ಮನಿಗೆ 78. ಐವತ್ತು ಮಕ್ಕಳ ಜೊತೆ ಕಲಿತದ್ದು ಒಬ್ಬ ಅಮ್ಮನ ಜೊತೆ ಪೂರ್ತಿ ಉಪಯೋಗಕ್ಕೆ ಬಂತು.

ನನಗೆ ಅರ್ಥವಾದದ್ದು ಇಷ್ಟು. ನಮ್ಮನ್ನು ಸುಸ್ತು ಮಾಡುವುದು ದಾರಿಯಲ್ಲ. ಮನೆಯಲ್ಲೂ ನಾವು ಐದಾರು ಗಂಟೆ ಒಂದೇ ಕಡೆ ಕೂತಿರುತ್ತೇವೆ, ಅಲ್ವಾ? ಸುಸ್ತಾಗುವುದು ದಾರಿಯಲ್ಲಿ ತಲೆ ತಿನ್ನುವ ಸಣ್ಣ ಸಣ್ಣ ಪ್ರಶ್ನೆಗಳಿಂದ. ಟಿಕೆಟ್ ಎಲ್ಲಿಟ್ಟೆ? ಗ್ಯಾಸ್ ಆಫ್ ಮಾಡಿದೆನಾ? ಬೋಗಿ ಎಲ್ಲಿ ಬಂದು ನಿಲ್ಲುತ್ತೆ? ಶೌಚಾಲಯ ಎಲ್ಲಿ ಸಿಗುತ್ತೆ? ರಾತ್ರಿ ಮಾತ್ರೆ ಯಾವ ಚೀಲದಲ್ಲಿದೆ? ಒಂದೊಂದೂ ಚಿಕ್ಕದೇ. ಆದರೆ ದಿನಕ್ಕೆ ಇಂಥ ಐವತ್ತು ಪ್ರಶ್ನೆ ಎದ್ದರೆ ಗೋಳಗುಮ್ಮಟದ ಎದುರು ನಿಂತರೂ ಕಣ್ಣಿಗೆ ಗೋಳಗುಮ್ಮಟ ಬೀಳುವುದಿಲ್ಲ. ಹಾಗಾಗಿ ಇವುಗಳಲ್ಲಿ ಎಷ್ಟಾಗುತ್ತೋ ಅಷ್ಟನ್ನು ಮನೆಯಲ್ಲೇ ಬಗೆಹರಿಸಿಕೊಂಡು ಹೊರಡಬೇಕು. ನಾನು ಇವತ್ತು ಹೇಳುವುದೆಲ್ಲ ಇದರ ಸುತ್ತಲೇ ಇದೆ.

ಮೊದಲು ಹಳೇಬೀಡಿನದೊಂದು ವಿಷಯ ಹೇಳುತ್ತೇನೆ. ಆ ವರ್ಷ ನಮ್ಮ ಪಟ್ಟಿ ಉದ್ದ ಇತ್ತು. ಬೆಳಿಗ್ಗೆ ಬೇಲೂರು, ಆಮೇಲೆ ಹಳೇಬೀಡು, ಮಧ್ಯಾಹ್ನ ಶ್ರವಣಬೆಳಗೊಳ, ಸಂಜೆಗೆ ಮೈಸೂರು. ಹೊಯ್ಸಳೇಶ್ವರ ದೇವಾಲಯಕ್ಕೆ ಕೊಟ್ಟದ್ದು ನಲವತ್ತು ನಿಮಿಷ. ನಿಮಗೆಲ್ಲ ಗೊತ್ತಿರುವ ದೇವಾಲಯ ಅದು. 1121ರ ಸುಮಾರಿಗೆ ಕಟ್ಟಲು ಶುರು ಮಾಡಿದ್ದು. ಗೋಡೆಯ ತಳದಲ್ಲಿ ಪಟ್ಟಿ ಪಟ್ಟಿಯಾಗಿ ಕೆತ್ತನೆ. ಎಲ್ಲಕ್ಕಿಂತ ಕೆಳಗೆ ಆನೆಗಳ ಸಾಲು, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು, ಹೀಗೆ ಮೇಲಕ್ಕೆ ಹೋಗುತ್ತದೆ. ಗೈಡ್ ಮಕ್ಕಳಿಗೆ, "ಇಷ್ಟೊಂದು ಆನೆಗಳಿದಾವಲ್ಲ, ಒಂದರ ಥರ ಇನ್ನೊಂದಿಲ್ಲ" ಅಂದರು. ಎಲ್ಲರೂ ಹೌದಾ ಅಂತ ಮುಂದೆ ಹೋದರು. ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿ ಮಾತ್ರ ಹೋಗಲಿಲ್ಲ. ಜಗತಿಯ ಮೇಲೆ, ಅಂದರೆ ಗುಡಿ ನಿಂತಿರುವ ಕಲ್ಲುಕಟ್ಟೆಯ ಮೇಲೆ, ಮಂಡಿಯೂರಿ ಕೂತು ಆನೆಗಳನ್ನು ಒಂದೊಂದಾಗಿ ನೋಡುತ್ತಿದ್ದಳು. ಬೆರಳನ್ನು ಕಲ್ಲಿಗೆ ತಾಗಿಸದೆ, ಒಂದು ಇಂಚು ದೂರದಲ್ಲಿ ಹಿಡಿದು, ಸೊಂಡಿಲ ಸುತ್ತು ಹೇಗಿದೆ ಅಂತ ಗಾಳಿಯಲ್ಲೇ ಬರೆದುಕೊಳ್ಳುತ್ತಿದ್ದಳು. "ಏನಮ್ಮ ಮಾಡ್ತಿದೀಯ?" ಅಂದೆ. "ಎರಡು ಒಂದೇ ಥರ ಇರೋದು ಸಿಗುತ್ತಾ ನೋಡ್ತಿದೀನಿ ಮಿಸ್" ಅಂದಳು.

ಅಷ್ಟರಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು. ಶ್ರವಣಬೆಳಗೊಳಕ್ಕೆ ತಡ ಆಗುತ್ತೆ ಅಂತ ನಾನೇ ಅವಳ ಕೈ ಹಿಡಿದು ಎಬ್ಬಿಸಿದೆ. ಅವಳು ಏನೂ ಅನ್ನಲಿಲ್ಲ. ಚಪ್ಪಲಿ ಹಾಕಿಕೊಳ್ಳುವಾಗ ಒಂದು ಸಲ ಹಿಂದಿರುಗಿ ನೋಡಿದಳು.

ಅವತ್ತು ಶ್ರವಣಬೆಳಗೊಳಕ್ಕೆ ಮಧ್ಯಾಹ್ನ ಎರಡು ಗಂಟೆಗೆ ತಲುಪಿದೆವು. ವಿಂಧ್ಯಗಿರಿಯನ್ನು ಬರಿಗಾಲಲ್ಲೇ ಹತ್ತಬೇಕು. ಬಂಡೆಯಲ್ಲೇ ಕಡಿದ ಆರುನೂರಕ್ಕೂ ಹೆಚ್ಚು ಮೆಟ್ಟಿಲು. ಡಿಸೆಂಬರ್ ಆದರೂ ಆ ಹೊತ್ತಿಗೆ ಕಲ್ಲು ಕಾದಿತ್ತು. ಅರ್ಧ ಮಕ್ಕಳು ಪಾದ ಸುಟ್ಟುಕೊಂಡು ಓಡೋಡಿ ಹತ್ತಿದರು, ಅರ್ಧ ಮಕ್ಕಳು ಕೆಳಗೇ ಉಳಿದರು. ಆ ಹುಡುಗಿ ಕೆಳಗೆ ಉಳಿದವರಲ್ಲಿ ಒಬ್ಬಳು. ಒಂದು ಕಡೆ ಅವಳಿಗೆ ಬೇಕಾದದ್ದು ಸಿಗಲಿಲ್ಲ, ಇನ್ನೊಂದು ಕಡೆ ನಾವು ಕೊಡಬೇಕೆಂದಿದ್ದೂ ಸಿಗಲಿಲ್ಲ. ನನಗೆ ಇವತ್ತಿಗೂ ಅದು ಮನಸ್ಸಿನಲ್ಲಿದೆ.

ಮರುವರ್ಷದಿಂದ ನಾನು ಒಂದು ಪಟ್ಟು ಹಿಡಿದೆ. ದಿನಕ್ಕೆ ಒಂದೇ ಮುಖ್ಯ ಜಾಗ. ಅದನ್ನು ಬೆಳಗಿನ ಹೊತ್ತಲ್ಲೇ ನೋಡುವುದು. ಇನ್ನೊಂದು ಹತ್ತಿರದ ಜಾಗ ಇದ್ದರೆ ಇರಲಿ, ಆದರೆ ಅದು ಬಿಟ್ಟುಹೋದರೂ ಯಾರೂ ಕೊರಗಬಾರದು. ಬೇಲೂರಿಗೂ ಹಳೇಬೀಡಿಗೂ ನಡುವೆ 16 ಕಿಲೋಮೀಟರ್ ಅಷ್ಟೇ, ನಿಜ. ಹತ್ತಿರ ಇದೆ ಅನ್ನುವುದು ಎರಡನ್ನೂ ಒಂದೇ ಉಸಿರಿಗೆ ನೋಡಲು ಕಾರಣವಾಗಬಾರದು. ಶ್ರವಣಬೆಳಗೊಳಕ್ಕೆ ಹೋಗುವವರು ದಯವಿಟ್ಟು ಹಿಂದಿನ ರಾತ್ರಿಯೇ ಅಲ್ಲಿ ಉಳಿಯಿರಿ. ಬೆಳಗಿನ ಬಿಸಿಲು ಏರುವ ಮುಂಚೆ ಹತ್ತಿ ಇಳಿದುಬಿಡಿ. ಚೀಲದಲ್ಲಿ ಒಂದು ಜೊತೆ ಕಾಲುಚೀಲ ಇರಲಿ. ಮಂಡಿ ನೋವಿನವರಿಗೆ ಡೋಲಿ ಇದೆ, ಸಂಕೋಚ ಬೇಡ.

ಗೋಳಗುಮ್ಮಟವೂ ಅಷ್ಟೇ. ಆ ಗುಮ್ಮಟದ ಅಗಲ 44 ಮೀಟರ್. ಅದರೊಳಗಿನ ಸುತ್ತುಪ್ರಾಂಗಣದಲ್ಲಿ ಈ ಕಡೆ ಗೋಡೆಗೆ ಪಿಸುಗುಟ್ಟಿದ್ದು ಆ ಕಡೆ ಕೇಳಿಸುತ್ತದೆ. ಆದರೆ ಹತ್ತು ಗಂಟೆ ಮೇಲೆ ಹೋದರೆ ನೂರು ಜನ ಒಟ್ಟಿಗೆ ಕೂಗುತ್ತಿರುತ್ತಾರೆ, ಪಿಸುಮಾತಿಗೆ ಜಾಗವೇ ಇರುವುದಿಲ್ಲ. ಬಾಗಿಲು ತೆಗೆದ ತಕ್ಷಣ ಹೋಗಬೇಕು. ಮತ್ತೆ, ಹೊರಡುವ ಮುಂಚೆ ಆ ಜಾಗದ ವಾರದ ರಜೆ ಯಾವತ್ತು ಅಂತ ನೋಡಿಕೊಳ್ಳಿ. ಮೈಸೂರಿನ ಮೃಗಾಲಯಕ್ಕೆ ಮಂಗಳವಾರ ರಜೆ. ಹಂಪಿಗೆ ಹೋದಾಗ ಕಮಲಾಪುರದ ಮ್ಯೂಸಿಯಂ ನೋಡಬೇಕೆಂದಿದ್ದರೆ ಶುಕ್ರವಾರ ಬೇಡ. ಇದೆಲ್ಲ ಎರಡು ನಿಮಿಷದ ಕೆಲಸ. ಮೊಮ್ಮಕ್ಕಳನ್ನು ಕರೆದುಕೊಂಡು ಹೋಗಿ ಮುಚ್ಚಿದ ಗೇಟಿನ ಮುಂದೆ ನಿಲ್ಲುವುದು ಬೇಡವಲ್ಲ.

ಇನ್ನು ರೈಲಿನ ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ನಮ್ಮ ವಯಸ್ಸಿನವರಿಗೆ ರೈಲಿನಷ್ಟು ಒಳ್ಳೆಯದು ಬೇರೆ ಇಲ್ಲ. ಎದ್ದು ಓಡಾಡಬಹುದು, ಕಾಲು ಚಾಚಬಹುದು, ಶೌಚಾಲಯ ಹತ್ತಿರದಲ್ಲೇ ಇರುತ್ತದೆ.

ಮುಂಗಡ ಬುಕಿಂಗ್ ಈಗ 60 ದಿನ ಮೊದಲು ಶುರುವಾಗುತ್ತದೆ. ಮುಂಚೆ 120 ದಿನ ಇತ್ತು, 2024ರ ನವೆಂಬರ್‌ನಿಂದ ಕಮ್ಮಿ ಮಾಡಿದರು. ಹಾಗಾಗಿ ಪ್ರವಾಸದ ದಿನ ಗೊತ್ತಾದ ಕೂಡಲೇ ಕ್ಯಾಲೆಂಡರಿನಲ್ಲಿ ಎರಡು ತಿಂಗಳು ಹಿಂದಕ್ಕೆ ಎಣಿಸಿ ಒಂದು ಗುರುತು ಹಾಕಿಡಿ. ಕೊನೆಗಳಿಗೆಯಲ್ಲಿ ತತ್ಕಾಲ್ ಟಿಕೆಟ್ಟಿಗೆ ಬೆಳಿಗ್ಗೆ ಫೋನ್ ಹಿಡಿದು ಕಾಯುವ ತಳಮಳ ತಪ್ಪುತ್ತದೆ.

ಈಗ ಹೇಳುವುದು ತುಂಬ ಜನರಿಗೆ ಗೊತ್ತಿಲ್ಲ. 60 ತುಂಬಿದ ಗಂಡಸರಿಗೆ ಮತ್ತು 45 ತುಂಬಿದ ಹೆಂಗಸರಿಗೆ ಕೆಳಗಿನ ಬರ್ತ್‌ಗೆ ಬೇರೆ ಕೋಟಾ ಇದೆ. ಆದರೆ ಒಂದು ಟಿಕೆಟ್ಟಿನಲ್ಲಿ ಒಬ್ಬರು ಅಥವಾ ಇಬ್ಬರು ಇದ್ದರೆ ಮಾತ್ರ ಅದು ಸಿಗುತ್ತದೆ. ಮಗ, ಸೊಸೆ, ಮೊಮ್ಮಕ್ಕಳು, ಅಜ್ಜಿ, ತಾತ ಎಲ್ಲರದ್ದೂ ಒಂದೇ ಟಿಕೆಟ್ ಮಾಡಿಸಿದರೆ ಆ ಅನುಕೂಲ ಹೋಯಿತು. ಆಮೇಲೆ ಅಜ್ಜಿಗೆ ಮೇಲಿನ ಬರ್ತ್ ಬಂತು ಅಂತ ಬೋಗಿಯಲ್ಲೆಲ್ಲ ಕೇಳಿಕೊಂಡು ಓಡಾಡಬೇಕು. ಹಿರಿಯರಿಬ್ಬರದ್ದು ಬೇರೆ ಟಿಕೆಟ್ ಮಾಡಿಸಿ. ಬುಕ್ ಮಾಡುವಾಗ ಕೋಟಾ ಅಂತ ಇರುವ ಕಡೆ ಹಿರಿಯ ನಾಗರಿಕರದ್ದನ್ನು ಆರಿಸಿ. ನಿಮ್ಮ ಮಕ್ಕಳು ಮೊಬೈಲಿನಲ್ಲಿ ಬುಕ್ ಮಾಡುವಾಗ ಪಕ್ಕದಲ್ಲಿ ಕೂತು ಇದನ್ನು ಹೇಳಿ.

ಸಣ್ಣ ಸ್ಟೇಷನ್ನುಗಳಲ್ಲಿ ರೈಲು ನಿಲ್ಲುವುದು ಎರಡೇ ನಿಮಿಷ. ಚೀಲ ಹಿಡಿದು ಪ್ಲಾಟ್‌ಫಾರಮ್ಮಿನ ಉದ್ದಕ್ಕೂ ಓಡುವುದಿದೆಯಲ್ಲ, ನಮ್ಮ ವಯಸ್ಸಿನಲ್ಲಿ ಅದು ಆಗಬಾರದು. ಮಂಡಿ ನೋವಿನ ಮಾತು ಬಿಡಿ, ಎಡವಿ ಬಿದ್ದರೆ ಏನು ಗತಿ? ನಮ್ಮ ಬೋಗಿ ಎಂಜಿನ್ನಿನಿಂದ ಎಷ್ಟನೆಯದು ಅಂತ ರೈಲಿನ ಆ್ಯಪ್‌ನಲ್ಲೇ ಕಾಣುತ್ತದೆ. ಅದು ಗೊತ್ತಾಗದಿದ್ದರೆ ಸ್ಟೇಷನ್ನಿನ ಟೀ ಅಂಗಡಿಯವರನ್ನು ಕೇಳಿ. ಅವರು ದಿನಾ ನೋಡುವವರು, "ಈ ಕಂಬದ ಹತ್ರ ನಿಂತ್ಕೊಳ್ಳಿ" ಅಂತ ಸರಿಯಾಗಿ ಹೇಳುತ್ತಾರೆ. ಅರ್ಧ ಗಂಟೆ ಮುಂಚೆ ಹೋಗಿ ಆ ಕಂಬದ ಹತ್ತಿರ ಕೂತರೆ ಕೆಲಸ ಮುಗಿಯಿತು.

ಅಮ್ಮನ ಜೊತೆ ಅರಸೀಕೆರೆಯಿಂದ ವಿಜಯಪುರಕ್ಕೆ ಹೋದದ್ದು ರಾತ್ರಿ ರೈಲಿನಲ್ಲಿ. ನಾವು ಹತ್ತುವ ಹೊತ್ತಿಗೆ ಬೋಗಿಯಲ್ಲಿ ಎಲ್ಲರೂ ಮಲಗಿದ್ದರು. ದೀಪ ಆರಿಸಿದ್ದರು. ನೀಲಿ ಬಣ್ಣದ ಸಣ್ಣ ಬಲ್ಬು ಒಂದು ಉರಿಯುತ್ತಿತ್ತು. ಎದುರಿನ ಬರ್ತ್‌ನಲ್ಲಿ ಒಬ್ಬ ತಾಯಿ ಮಗುವನ್ನು ತಟ್ಟಿ ತಟ್ಟಿ ಈಗಷ್ಟೇ ಮಲಗಿಸಿದ್ದರು. ಅಮ್ಮನಿಗೆ ಬಿಪಿ ಮಾತ್ರೆ ಕೊಡಬೇಕಿತ್ತು. ಅಮ್ಮ ಸೊಂಟದ ಹತ್ತಿರ ಕೈ ಹಾಕಿ ತನ್ನ ಬಟ್ಟೆಯ ಚೀಲ ತೆಗೆದರು. ಹಳೇ ಸೀರೆಯ ಅಂಚಿನಿಂದ ಅವರೇ ಹೊಲಿದುಕೊಂಡದ್ದು. ಅಂಗೈಗಿಂತ ಸ್ವಲ್ಪ ದೊಡ್ಡದು, ಬಾಯಿಗೆ ಲಾಡಿ, ಒಳಗೆ ಮೂರು ಅರೆ. ಎಡಗಡೆ ಮಾತ್ರೆ, ನಡುವೆ ಕನ್ನಡಕ, ಬಲಗಡೆ ಆಧಾರ್ ಕಾರ್ಡು ಮತ್ತು ಚಿಲ್ಲರೆ ದುಡ್ಡು. ಕತ್ತಲಲ್ಲೇ ಅವರ ಬೆರಳು ಎಡಗಡೆಗೆ ಹೋಯಿತು. ಮಾತ್ರೆ ಬಂತು, ನೀರು ಕುಡಿದರು, ಲಾಡಿ ಎಳೆದರು, ಮಲಗಿದರು. ಒಂದು ಜಿಪ್ಪಿನ ಸದ್ದಿಲ್ಲ. ಮಗು ಎಚ್ಚರಾಗಲಿಲ್ಲ.

ನನ್ನ ಚೀಲದಲ್ಲಿ ಆಗ ಎಂಟು ಜಿಪ್ಪಿದ್ದವು. ಅಮ್ಮನನ್ನು ನೋಡಿದ ಮೇಲೆ ನಾನೂ ಒಂದು ಅಂಥದ್ದನ್ನು ಹೊಲಿಸಿಕೊಂಡೆ. ದಾರಿಯಲ್ಲಿ ಪದೇ ಪದೇ ಬೇಕಾಗುವ ಐದಾರು ಸಾಮಾನು ಮಾತ್ರ ಅದರಲ್ಲಿರುತ್ತದೆ. ಪ್ರತಿ ಸಾಮಾನಿಗೂ ಒಂದೇ ಜಾಗ, ತೆಗೆದದ್ದು ಮತ್ತೆ ಅಲ್ಲಿಗೇ. ಮನೆಗೆ ಬಂದ ಮೇಲೂ ಅದನ್ನು ಖಾಲಿ ಮಾಡುವುದಿಲ್ಲ, ಕಪಾಟಿನ ಹಿಂದೆ ಮೊಳೆಗೆ ನೇತುಹಾಕಿರುತ್ತೇನೆ. ನಾಳೆ ಹೊರಡಬೇಕೆಂದರೆ ಅರ್ಧ ತಯಾರಿ ಆಗಿಯೇ ಇರುತ್ತದೆ. ಮಾತ್ರೆಗಳನ್ನು ಬಿಡಿಸಿ ಡಬ್ಬಿಗೆ ಹಾಕಬೇಡಿ, ಹೆಸರು ಕಾಣುವ ಹಾಗೆ ಪಟ್ಟಿಯಲ್ಲೇ ಇರಲಿ. ಡಾಕ್ಟರ ಚೀಟಿಯ ಫೋಟೋ ನಿಮ್ಮ ಫೋನಿನಲ್ಲೂ ಇರಲಿ, ಜೊತೆಗೆ ಬರುವವರ ಫೋನಿನಲ್ಲೂ ಇರಲಿ. ಎರಡು ದಿನಕ್ಕೆ ಜಾಸ್ತಿ ಮಾತ್ರೆ ಇಟ್ಟುಕೊಳ್ಳಿ.

ಬಟ್ಟೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನಿಮ್ಮ ಚೀಲವನ್ನು ನೀವೇ ಎತ್ತಿಕೊಂಡು ನಿಮ್ಮ ಮನೆಯ ಮಹಡಿ ಮೆಟ್ಟಿಲನ್ನು ಒಮ್ಮೆ ಹತ್ತಿ ಇಳಿಯಿರಿ. ಉಸಿರು ಕಟ್ಟಿದರೆ ಎರಡು ಸೀರೆ ತೆಗೆದಿಡಿ.

ಘಟ್ಟದ ದಾರಿಗೆ ಬರೋಣ. ನಮ್ಮ ಮಕ್ಕಳು ಧರ್ಮಸ್ಥಳಕ್ಕೆ ಹೋಗುವಾಗ ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿಯಲು ಶುರುವಾದರೆ ಸಾಕು, ಒಬ್ಬೊಬ್ಬರದಾಗಿ ಮುಖ ಬಾಡುತ್ತಿತ್ತು. ಒಬ್ಬರಿಗೆ ವಾಂತಿ ಆಯಿತೆಂದರೆ ಆ ವಾಸನೆಗೆ ಹತ್ತು ಜನರಿಗೆ. ಪಾಪ, ಮಕ್ಕಳು ನಾಚಿಕೆಯಿಂದ ಕುಗ್ಗಿಹೋಗುತ್ತಿದ್ದವು. ಇದು ಹೊಟ್ಟೆಯ ದೋಷ ಅಲ್ಲ ಅಂತ ನಾನು ಅವರಿಗೆ ಮೊದಲೇ ಹೇಳುತ್ತಿದ್ದೆ. ನಮ್ಮ ಒಳಕಿವಿಯಲ್ಲಿ ದೇಹದ ತೂಗಾಟ ಅಳೆಯುವ ಅಂಗ ಇದೆ. ಬಸ್ಸು ತಿರುಗಿದ್ದು ಅದಕ್ಕೆ ಗೊತ್ತಾಗುತ್ತದೆ. ಆದರೆ ಕಣ್ಣು ಎದುರಿನ ಸೀಟನ್ನೋ ಕೈಯಲ್ಲಿರುವ ಫೋನನ್ನೋ ನೋಡುತ್ತಿದ್ದರೆ ಅದಕ್ಕೆ ಏನೂ ಅಲುಗಾಡಿದ ಹಾಗೆ ಕಾಣುವುದಿಲ್ಲ. ಕಿವಿ ಒಂದು ಹೇಳುತ್ತದೆ, ಕಣ್ಣು ಇನ್ನೊಂದು ಹೇಳುತ್ತದೆ. ಆ ಗೊಂದಲವೇ ಹೊಟ್ಟೆ ತೊಳಸುವ ಹಾಗೆ ಮಾಡುವುದು. ಡ್ರೈವರಿಗೆ ವಾಂತಿ ಬರುವುದು ಅಪರೂಪ, ಅಲ್ವಾ? ಅವರ ಕಣ್ಣು ದಾರಿಯ ಮೇಲಿರುತ್ತದೆ, ತಿರುವು ಬರುವುದು ಮುಂಚೆಯೇ ಗೊತ್ತಿರುತ್ತದೆ.

ಹಾಗಾಗಿ ಮುಂದಿನ ಸೀಟಿನಲ್ಲಿ ಕೂತು ದೂರದ ದಾರಿ ನೋಡಬೇಕು. ಫೋನ್ ಬ್ಯಾಗಿಗೆ ಹೋಗಲಿ. ಹಿಂದಿನ ಚಕ್ರದ ಮೇಲಿನ ಸೀಟು, ಕೊನೆಯ ಸಾಲು ಬೇಡ. ಖಾಲಿ ಹೊಟ್ಟೆಯೂ ಬೇಡ, ಪೂರಿ ಸಾಗು ತಿಂದು ತುಂಬಿದ ಹೊಟ್ಟೆಯೂ ಬೇಡ. ಎರಡು ಇಡ್ಲಿ ಸಾಕು. ಕಿಟಕಿ ಸ್ವಲ್ಪ ತೆಗೆದಿರಲಿ. ತುಂಬ ಕಷ್ಟ ಆಗುವವರಿಗೆ ಮಾತ್ರೆ ಇದೆ, ಆದರೆ ಘಟ್ಟ ಶುರುವಾದ ಮೇಲೆ ನುಂಗಿದರೆ ಪ್ರಯೋಜನ ಕಮ್ಮಿ. ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲೇ ತೆಗೆದುಕೊಳ್ಳಬೇಕು. ನಿದ್ದೆ ಬರಿಸುವ ಮಾತ್ರೆ ಅದು, ಬಿಪಿ ಶುಗರ್ ಇರುವವರು ನಿಮ್ಮ ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಿ. ಇಷ್ಟು ಪಾಲಿಸಿದ ಮೇಲೆ ನಮ್ಮ ಬಸ್ಸಿನಲ್ಲಿ ಚಾರ್ಮಾಡಿಗೆ ಹಾಡು ಕೇಳಿಸತೊಡಗಿತು.

ತಿರುವೇ ಬೇಡ ಅನ್ನುವವರಿಗೆ ನಮ್ಮ ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ಸ್ಟೇಷನ್ನಿಗೆ ಹಗಲು ರೈಲು ಇದೆ. ಸುಮಾರು 55 ಕಿಲೋಮೀಟರ್ ದಾರಿ, 57 ಸುರಂಗ. ಎರಡು ಗಂಟೆಗೂ ಜಾಸ್ತಿ ಹಿಡಿಯುತ್ತದೆ. ಅಷ್ಟು ನಿಧಾನ. ಮಳೆಗಾಲ ಮುಗಿಯುವ ಹೊತ್ತಿಗೆ ಹೋಗಿ. ಕಿಟಕಿ ಪಕ್ಕ ಬೆಟ್ಟದ ಮೇಲಿಂದ ನೀರು ಇಳಿಯುತ್ತಿರುತ್ತದೆ, ಸುರಂಗದಿಂದ ಹೊರಬಂದಾಗಲೆಲ್ಲ ತಣ್ಣನೆ ಗಾಳಿ ಮುಖಕ್ಕೆ ಬಡಿಯುತ್ತದೆ.

ಈಗ ಹೆಂಗಸರಿಗಾಗಿ ಒಂದು ಮಾತು. ಗಂಡಸರೂ ಕೇಳಿಸಿಕೊಳ್ಳಿ. ನಾವು ಪ್ರಯಾಣದ ದಿನ ನೀರು ಕುಡಿಯುವುದಿಲ್ಲ. ಬೆಳಿಗ್ಗೆ ಕಾಫಿಯನ್ನೂ ಅರ್ಧ ಲೋಟ ಮಾಡಿಕೊಳ್ಳುತ್ತೇವೆ. ಯಾಕೆ ಅಂತ ಇಲ್ಲಿರುವ ಪ್ರತಿ ಹೆಂಗಸಿಗೂ ಗೊತ್ತು. ದಾರಿಯಲ್ಲಿ ಎಲ್ಲಿ ಹೋಗುವುದು, ಯಾರನ್ನು ಕೇಳುವುದು, ಡ್ರೈವರಿಗೆ ಬಸ್ಸು ನಿಲ್ಲಿಸಿ ಅಂತ ಹೇಗೆ ಹೇಳುವುದು. ನಮ್ಮ ಅಮ್ಮಂದಿರು ಹೀಗೇ ಮಾಡಿದರು, ನಾವೂ ಮಾಡಿದೆವು, ನನ್ನ ವಿದ್ಯಾರ್ಥಿನಿಯರೂ ಮಾಡುತ್ತಿದ್ದರು. ಸಂಜೆ ಹೊತ್ತಿಗೆ ತಲೆನೋವು, ಮಾರನೇ ದಿನ ಉರಿಮೂತ್ರ. ವಯಸ್ಸಾದವರಿಗೆ ತಲೆ ಸುತ್ತು ಬರುತ್ತದೆ. ಇದನ್ನು 'ಪ್ರಯಾಣದ ಸುಸ್ತು' ಅಂತ ಕರೆದುಬಿಡುತ್ತೇವೆ. ಅದು ಪ್ರಯಾಣದ ಸುಸ್ತಲ್ಲ, ನೀರು ಕುಡಿಯದ ಸುಸ್ತು.

ನಾನು ಮಾಡಿದ್ದು ಇಷ್ಟೇ. ಹೊರಡುವ ಮುಂಚೆ ಡ್ರೈವರ್ ಹತ್ತಿರ ಹೋಗಿ, "ಅಣ್ಣಾ, ಎರಡು ಗಂಟೆಗೊಂದು ಸಲ ನಿಲ್ಲಿಸಬೇಕು, ಎಲ್ಲೆಲ್ಲಿ ಒಳ್ಳೇ ಜಾಗ ಇದೆ ನೀವೇ ಹೇಳಿ" ಅಂತ ಕೇಳುತ್ತಿದ್ದೆ. ಒಬ್ಬರೂ ಇಲ್ಲ ಅಂದದ್ದಿಲ್ಲ. ಅವರಿಗೆ ಯಾವ ಹೋಟೆಲಿನದು ಶುದ್ಧ, ಯಾವ ಬಸ್‌ಸ್ಟ್ಯಾಂಡಿನದು ಆಗದು ಅಂತ ಬಾಯಿಪಾಠ ಬರುತ್ತದೆ. ಆಮೇಲೆ ಮಕ್ಕಳಿಗೆ ಮೈಕಿನಲ್ಲಿ ಹೇಳುತ್ತಿದ್ದೆ: ಬಸ್ಸು ಇಷ್ಟು ಹೊತ್ತಿಗೆ ನಿಲ್ಲುತ್ತೆ, ಎಲ್ಲರೂ ನೀರು ಕುಡೀರಿ. ಯಾರೂ ಬಾಯಿಬಿಟ್ಟು ಕೇಳಬೇಕಾದ ಅಗತ್ಯ ಇರಬಾರದು, ಅದು ಮುಖ್ಯ. ಕಾರಿನಲ್ಲಿ ಹೋಗುವವರು ಪೆಟ್ರೋಲ್ ಬಂಕಿನಲ್ಲಿ ಕೇಳಿ, ಅಲ್ಲಿ ಶೌಚಾಲಯ ಇರಬೇಕು ಅನ್ನುವುದು ನಿಯಮ. ಚೀಲದಲ್ಲಿ ಒಂದು ಸೋಪಿನ ಚೂರು, ಟಿಶ್ಯೂ, ಐದು ಹತ್ತರ ಚಿಲ್ಲರೆ ಇರಲಿ. ಗಂಡಸರಿಗೆ ನನ್ನ ಕೇಳಿಕೆ ಒಂದೇ. ಕಾರು ಓಡಿಸುವವರು ನೀವಾದರೆ, ನೀವೇ ಮೊದಲು "ಇಲ್ಲಿ ನಿಲ್ಲಿಸ್ಲಾ?" ಅಂತ ಕೇಳಿ. ಅವರಾಗಿ ಹೇಳಲಿ ಅಂತ ಕಾಯಬೇಡಿ.

ಹೊರಡುವ ಗಳಿಗೆಯ ಬಗ್ಗೆ ಸ್ವಲ್ಪ. ಬಸ್‌ಸ್ಟ್ಯಾಂಡ್ ತಲುಪಿದ ಮೇಲೆ "ಗ್ಯಾಸ್ ಆಫ್ ಮಾಡಿದೆನಾ?" ಅಂತ ಎದೆ ಝಲ್ಲೆನ್ನುವುದು ಎಲ್ಲರಿಗೂ ಆಗಿದೆ. ಕೈ ಅಭ್ಯಾಸಬಲದಿಂದ ಆಫ್ ಮಾಡಿರುತ್ತದೆ, ತಲೆ ಬೇರೆ ಕಡೆ ಇರುತ್ತದೆ, ಅದಕ್ಕೇ ನೆನಪಿರುವುದಿಲ್ಲ. ರೈಲಿನ ಎಂಜಿನ್ ಒಳಗೆ ಇಬ್ಬರಿರುತ್ತಾರೆ. ಸಿಗ್ನಲ್ ಕಂಡಾಗ ಒಬ್ಬರು ಅದರ ಬಣ್ಣ ಗಟ್ಟಿಯಾಗಿ ಹೇಳುತ್ತಾರೆ, ಇನ್ನೊಬ್ಬರು ಅದನ್ನೇ ತಿರುಗಿ ಹೇಳುತ್ತಾರೆ. ಜಪಾನಿನಲ್ಲಿ ರೈಲಿನವರು ಬೆರಳು ತೋರಿಸಿಯೂ ಹೇಳುತ್ತಾರೆ. ಕಣ್ಣು, ಕೈ, ಬಾಯಿ, ಕಿವಿ ನಾಲ್ಕೂ ಸೇರಿದರೆ ತಪ್ಪು ಕಮ್ಮಿ. ನಾನೂ ಹಾಗೇ ಮಾಡುತ್ತೇನೆ. ರೆಗ್ಯುಲೇಟರ್ ಮುಟ್ಟಿ "ಗ್ಯಾಸ್ ಆಫ್" ಅಂತ ಬಾಯಿಬಿಟ್ಟು ಹೇಳುತ್ತೇನೆ. ನಲ್ಲಿ ಮುಟ್ಟಿ "ನಲ್ಲಿ ಬಂದ್". ಬೀಗ ಎಳೆದು "ಬೀಗ ಹಾಕಿದೆ". ದಾರಿಯಲ್ಲಿ ಅನುಮಾನ ಬಂದರೆ ನನ್ನ ದನಿಯೇ ನೆನಪಾಗುತ್ತದೆ. ಒಮ್ಮೆ ಮಾಡಿ ನೋಡಿ.

ಇನ್ನೊಂದು, ವಾಪಸ್ ಬಂದ ದಿನದ ಊಟ ಏನು ಅಂತ ಹೊರಡುವ ಮುಂಚೆಯೇ ಗೊತ್ತಿರಲಿ. ಹುರಿದ ರವೆ ಡಬ್ಬಿಯಲ್ಲಿದ್ದರೆ ಹತ್ತು ನಿಮಿಷಕ್ಕೆ ಉಪ್ಪಿಟ್ಟು. ಹಾಲಿನವರಿಗೆ ಯಾವತ್ತಿನಿಂದ ಬೇಡ ಅಂತ ಹೇಳಿದ ಹಾಗೇ ಯಾವತ್ತಿನಿಂದ ಬೇಕು ಅಂತಲೂ ಹೇಳಿಬಿಡಿ. ಮತ್ತೆ ಭಾನುವಾರ ರಾತ್ರಿ ಬರಬೇಡಿ. ಶನಿವಾರವೇ ಬನ್ನಿ. ಬಟ್ಟೆ ಒಗೆದು, ಒಂದು ನಿದ್ದೆ ತೆಗೆದು, ಪಕ್ಕದ ಮನೆಯವರಿಗೆ ಪ್ರಸಾದ ಕೊಟ್ಟು, ಫೋಟೋ ನೋಡುವುದಕ್ಕೆ ಒಂದು ದಿನ ಬೇಕು. ಆ ದಿನವೂ ಪ್ರವಾಸಕ್ಕೇ ಸೇರಿದ್ದು.

ಮಾತು ಮುಗಿದ ಮೇಲೆ ಎರಡು ಪ್ರಶ್ನೆ ಬಂದವು, ಅವನ್ನೂ ಬರೆಯುತ್ತೇನೆ.

ಒಬ್ಬರು, "ನಾವು ಇಪ್ಪತ್ತು ಜನ ಗುಂಪಾಗಿ ಕಾಶಿಗೆ ಹೊರಟಿದ್ದೇವೆ. ಯಾರಾದರೂ ತಪ್ಪಿಸಿಕೊಂಡರೆ ಅಂತ ಭಯ" ಅಂದರು. ಈ ಭಯ ನನಗೆ ಚೆನ್ನಾಗಿ ಗೊತ್ತು. ಮೊದಮೊದಲು ನಾನು ಪ್ರತಿ ನಿಲ್ದಾಣದಲ್ಲೂ ಐವತ್ತರವರೆಗೆ ಎಣಿಸುತ್ತಿದ್ದೆ. ಮಕ್ಕಳು ಅತ್ತಿಂದಿತ್ತ ಹಾರಾಡುವಾಗ ಎಣಿಕೆ ಒಮ್ಮೆ 48 ಬರುತ್ತಿತ್ತು, ಇನ್ನೊಮ್ಮೆ 51. ಜೀವ ಬಾಯಿಗೆ ಬರುತ್ತಿತ್ತು. ಆಮೇಲೆ ಜೋಡಿ ಮಾಡಿದೆ. ಪ್ರತಿ ಮಗುವಿಗೂ ಒಂದು ಜೋಡಿ. ಬಸ್ಸು ಹತ್ತಿದ ಮೇಲೆ ನಾನು ಎಣಿಸುವುದಿಲ್ಲ, "ಜೋಡಿ ಇಲ್ಲದವರು ಕೈ ಎತ್ತಿ" ಅಂತ ಒಂದೇ ಮಾತು. ಒಬ್ಬಳು ಕೈ ಎತ್ತಿದರೆ ಯಾರು ಬಂದಿಲ್ಲ ಅಂತ ಹೆಸರು ಸಮೇತ ಆ ಕ್ಷಣಕ್ಕೆ ಗೊತ್ತಾಗುತ್ತದೆ. ನೀವೂ ಜೋಡಿ ಮಾಡಿಕೊಳ್ಳಿ. ಆದರೆ ಗಂಡ ಹೆಂಡತಿಯನ್ನೇ ಜೋಡಿ ಮಾಡಬೇಡಿ, ಇಬ್ಬರೂ ಒಟ್ಟಿಗೆ ತಪ್ಪಿಸಿಕೊಂಡರೆ ಹೇಳುವವರಿರುವುದಿಲ್ಲ. ಪ್ರತಿಯೊಬ್ಬರ ಚೀಲದಲ್ಲೂ ಉಳಿದುಕೊಂಡ ಛತ್ರದ ವಿಳಾಸ, ಎರಡು ಫೋನ್ ನಂಬರು ಬರೆದ ಚೀಟಿ ಇರಲಿ. ಹಿಂದಿಯಲ್ಲೂ ಬರೆಸಿ.

ಇನ್ನೊಬ್ಬರು ಕೇಳಿದ್ದು: "ದಿನಕ್ಕೆ ಒಂದೇ ಜಾಗ ಅಂತೀರಿ. ಅಷ್ಟು ಖರ್ಚು ಮಾಡಿ ಹೋಗಿ ಉಳಿದದ್ದು ನೋಡದೆ ಬಂದರೆ ಬೇಜಾರಾಗಲ್ವಾ?" ನ್ಯಾಯವಾದ ಪ್ರಶ್ನೆ. ಅವರಿಗೆ ನಾನು ಅಮ್ಮನ ಜೊತೆ ಕೊನೆಯ ಸಲ ಹಳೇಬೀಡಿಗೆ ಹೋದದ್ದನ್ನು ಹೇಳಿದೆ.

ಅವತ್ತು ಬೇರೆ ಎಲ್ಲೂ ಹೋಗುವುದಿರಲಿಲ್ಲ. ಬುತ್ತಿಗೆ ಮೊಸರನ್ನ, ಮಾವಿನಕಾಯಿ ಉಪ್ಪಿನಕಾಯಿ ಕಟ್ಟಿಕೊಂಡಿದ್ದೆವು. ಬೆಳಿಗ್ಗೆ ಎಂಟಕ್ಕೆ ತಲುಪಿದಾಗ ಜನ ಇರಲಿಲ್ಲ. ಅಮ್ಮ ದೇವರಿಗೆ ಕೈ ಮುಗಿದು, ಒಂದು ಸುತ್ತು ಬಂದು, ನಂದಿ ಮಂಟಪದ ತಂಪಿನಲ್ಲಿ ಕಂಬಕ್ಕೆ ಒರಗಿ ಕೂತರು. "ನೀನು ನೋಡ್ಕೊಂಡು ಬಾ, ನಂಗೆ ಇಲ್ಲೇ ಚೆನ್ನಾಗಿದೆ" ಅಂದರು. ಸ್ವಲ್ಪ ಹೊತ್ತಿಗೆ ಅಲ್ಲೇ ಕಣ್ಣು ಮುಚ್ಚಿದರು. ಬಟ್ಟೆಯ ಚೀಲ ಮಡಿಲಲ್ಲಿತ್ತು, ಲಾಡಿ ಬೆರಳಿಗೆ ಸುತ್ತಿಕೊಂಡಿದ್ದರು.

ನಾನು ಜಗತಿಯ ಮೇಲೆ ಗೋಡೆಯ ಹತ್ತಿರ ಹೋಗಿ ಮಂಡಿಯೂರಿ ಕೂತೆ. ಮೊದಲ ಆನೆಯಿಂದ ಶುರು ಮಾಡಿದೆ. ಒಂದರ ಸೊಂಡಿಲು ಒಳಗೆ ಸುತ್ತಿತ್ತು, ಇನ್ನೊಂದರದ್ದು ಮುಂದಿನ ಆನೆಯ ಬಾಲಕ್ಕೆ ತಾಗುವ ಹಾಗಿತ್ತು. ಒಂದು ತಲೆ ತಗ್ಗಿಸಿತ್ತು. ಒಂದರ ಕೊರಳಿನ ಗಂಟೆಯ ಸರಪಳಿ ಎಣಿಸಬಹುದಿತ್ತು. ಬಿಸಿಲು ನಿಧಾನವಾಗಿ ಗೋಡೆಯ ಮೇಲೆ ಇಳಿಯುತ್ತಿತ್ತು. ಯಾರೂ ಹಾರ್ನ್ ಹಾಕಲಿಲ್ಲ.

ಅಮ್ಮ ಎದ್ದು ಬಂದು ಹೆಗಲ ಮೇಲೆ ಕೈಯಿಟ್ಟು, "ಏನೇ ಇದು, ಇಷ್ಟು ಹೊತ್ತು ಏನ್ ನೋಡ್ತಿದೀಯ?" ಅಂದಾಗ ನಾನು 72ನೇ ಆನೆಯ ಹತ್ತಿರ ಇದ್ದೆ. "ಎರಡು ಒಂದೇ ಥರ ಇರೋದು ಸಿಗುತ್ತಾ ಅಂತಮ್ಮ" ಅಂದೆ. ಅಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಹಾಕಿಕೊಂಡು, ನನ್ನ ಪಕ್ಕದಲ್ಲೇ ಕೂತರು. "ಸರಿ, ಆ ಮೂಲೆವರೆಗೂ ನೋಡಿಬಿಡೋಣ" ಅಂದರು.